ಅರವತ್ತನಾಲ್ಕು ಅಂಚು

ದ್ರೌಪತಿ ಹುಟ್ಟಿದ್ದು ಮಂಠಾಳದಲ್ಲಿ, ಕೊಟ್ಟದ್ದು ಹುಮನಾಬಾದಿನ ದೇವಿಂದ್ರಪ್ಪನಿಗೆ. ದೇವಿಂದ್ರಪ್ಪ ಗೌಂಡಿ. ಗೋಡೆ ಕಟ್ಟುವ ಗೌಂಡಿಯಲ್ಲ, ನೆಲಕ್ಕೆ ಶಹಾಬಾದ ಫರಸಿ ಕಲ್ಲು ಹಾಸುವವನು. ಮದುವೆಯಾಗಿ ಎರಡು ವರ್ಷ ಅವಳು ಹೊಲದ ಕೂಲಿಗೆ ಹೋದಳು, ಆಮೇಲೆ ಗಂಡನ ಬೆನ್ನಿಗೆ ಕೆಲಸದ ಜಾಗಕ್ಕೆ ನಡೆದಳು. ತೊಂಬತ್ತೆರಡನೇ ಇಸವಿಯಿಂದ ಅವಳಿಗೆ ಇದ್ದದ್ದು ಒಂದೇ ಕೆಲಸ. ಗಂಡ ಮಶೀನಿನಿಂದ ಕಲ್ಲು ಕೊಯ್ಯುವಾಗ ಬದಿಗೆ ಕುಕ್ಕುರುಗಾಲಲ್ಲಿ ಕೂತು ಬ್ಲೇಡಿಗೆ ನೀರು ಹಾಕುವುದು.

ನೋಡುವವರಿಗೆ ಅದು ಸಣ್ಣ ಕೆಲಸ. ಆದರೆ ಬ್ಲೇಡು ಕಲ್ಲನ್ನು ಮುಟ್ಟುವ ಜಾಗಕ್ಕೇ, ಹುರಿಯಷ್ಟು ಸಣ್ಣ ಧಾರೆ ಬೀಳಬೇಕು. ಹೆಚ್ಚಾದರೆ ಎಳೆದ ಗೆರೆ ಅಳಿಸಿಹೋಗುತ್ತದೆ, ಕಡಿಮೆಯಾದರೆ ಬ್ಲೇಡು ಕಾಯುತ್ತದೆ. ಮಶೀನು ಹಿಡಿದವನ ಮುಖಕ್ಕೆ ರಾಡಿ ಸಿಡಿಯುತ್ತಿರುತ್ತದೆ, ಅವನು ಅರ್ಧ ಕಣ್ಣು ಮುಚ್ಚಿ ಕೈಯ ಅಂದಾಜಿನ ಮೇಲೆ ಸಾಗುತ್ತಾನೆ. ಗೆರೆ ಎಲ್ಲಿದೆ, ಬ್ಲೇಡು ಎಲ್ಲಿದೆ ಅನ್ನುವುದು ಸರಿಯಾಗಿ ಕಾಣುವುದು ಬದಿಗೆ ಕೂತವಳಿಗೆ. ಹದಿನಾಲ್ಕು ವರ್ಷ ದ್ರೌಪತಿ ಅದನ್ನೇ ನೋಡಿದಳು. ಗೆರೆ ತಪ್ಪುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಆಗ ಧಾರೆಯನ್ನು ಒಂದಿಷ್ಟು ಆಚೆ ಸರಿಸುತ್ತಿದ್ದಳು, ಗಂಡ ನೀರನ್ನು ನೋಡಿ ಕೈ ತಿದ್ದಿಕೊಳ್ಳುತ್ತಿದ್ದ. ಇದನ್ನು ಇಬ್ಬರೂ ಎಂದೂ ಬಾಯಿಬಿಟ್ಟು ಆಡಿಕೊಂಡವರಲ್ಲ.

ಫರಸಿಯ ಕಾಲ ಇಳಿದು ಟೈಲ್ಸಿನ ಕಾಲ ಬಂತು. ಮೊದಲು ಬಂದ ಮೆತ್ತನೆಯ ಟೈಲ್ಸ್ ಬಚ್ಚಲಿಗೆ, ಅಡಿಗೆಮನೆಗೆ ಹೋದವು. ಎರಡು ಸಾವಿರದ ಮೂರು ನಾಲ್ಕರ ಹೊತ್ತಿಗೆ ಗಟ್ಟಿ ಟೈಲ್ಸ್ ಬಂದವು. ಎರಡಡಿ ಉದ್ದ, ಎರಡಡಿ ಅಗಲ, ಕನ್ನಡಿಯಂಥ ಮೈ, ಬಡಿದರೆ ಕಂಚಿನ ಸಪ್ಪಳ. ಫರಸಿಯನ್ನು ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿ ಕೂಡಿಸಿದರೆ ಚೆಂದ, ಅದರ ಒಳಗೂ ಹೊರಗೂ ಒಂದೇ ಬಣ್ಣ. ಈ ಟೈಲ್ಸಿಗೆ ಮೇಲೊಂದು ಬಣ್ಣ, ಹೊಟ್ಟೆಯೊಳಗೊಂದು ಬಣ್ಣ. ಮೂಲೆಯಲ್ಲಿ ಏರಿಸಿ ಕೂಡಿಸಿದರೆ ಬಿಳಿ ಹೊಟ್ಟೆ ಹಲ್ಲು ಕಿರಿದಂತೆ ಕಾಣುತ್ತದೆ. ಅದಕ್ಕೆ ಎರಡೂ ಅಂಚುಗಳನ್ನು ಹಿಂದಿನಿಂದ ಓರೆಯಾಗಿ ಕೊಯ್ದು, ಮೊನೆಗೆ ಮೊನೆ ತಾಗಿಸಿ ನಿಲ್ಲಿಸಬೇಕು. ಗೌಂಡಿಗಳು ಅದಕ್ಕೆ ಪೈಂತಾಳೀಸ್ ಅನ್ನುತ್ತಿದ್ದರು, ನಲವತ್ತೈದು ಡಿಗ್ರಿ. ಕೊಯ್ಯುವಾಗ ಕೈ ಒಂದು ಕೂದಲು ಅಲುಗಿದರೆ ಮುಂದಿನ ಹೊಳಪಿನ ಅಂಚು ಚಕ್ಕೆ ಹಾರುತ್ತದೆ. ಹಾರಿದ್ದು ಮತ್ತೆ ಕೂಡುವುದಿಲ್ಲ.

ಅದೇ ಹೊತ್ತಿಗೆ ದೇವಿಂದ್ರಪ್ಪನ ಕೈ ನಡುಗತೊಡಗಿತು.

ಸುಮ್ಮನೆ ಕೂತಾಗ ಏನೂ ಇರುತ್ತಿರಲಿಲ್ಲ. ಏನಾದರೂ ಹಿಡಿದು ಒಂದೆಡೆ ಇಡಬೇಕು ಅಂದಾಗಲೇ ನಡುಕ ಶುರು. ಚಹಾದ ಕಪ್ಪು ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು. ಗುಲಬರ್ಗಾದ ಡಾಕ್ಟರು ನರದ ದೋಷ ಅಂದು ಗುಳಿಗೆ ಬರೆದುಕೊಟ್ಟರು. ಗುಳಿಗೆಯಿಂದ ನಿದ್ದೆ ಬಂತು, ನಡುಕ ಹೋಗಲಿಲ್ಲ. ದೇವಿಂದ್ರಪ್ಪ ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಆದರೆ ಕೈ ನಡುಗುವ ಗೌಂಡಿಯನ್ನು ಕಂಡರೆ ಜನ ಕುಡುಕ ಅನ್ನುತ್ತಾರೆ, ಬೇರೆ ಕಾರಣ ಹುಡುಕುವುದಿಲ್ಲ. ಹಾಗಾಗಿ ಅವನು ಮಂದಿ ನಡುವೆ ಚಹಾ ಕುಡಿಯುವುದನ್ನು ಬಿಟ್ಟ. ಹಳಿಯ ಮೇಲೆ ಓಡುವ ಕೈ ಕಟರಿನಿಂದ ನೇರ ಕೊಯ್ಯುವ ಕೆಲಸ ಇದ್ದಷ್ಟು ದಿನ ದಾಟಿಸಿದ. ಹಳಿಯೇ ಕೈಯನ್ನು ಹಿಡಿದು ನಡೆಸುತ್ತಿತ್ತು.

ಎರಡು ಸಾವಿರದ ಆರರಲ್ಲಿ ಬದ್ರುದ್ದೀನ್ ಬಂದ. ಹುಮನಾಬಾದಿನ ದೊಡ್ಡ ಮಿಸ್ತ್ರಿ, ಫರಸಿಯ ಕಾಲದಿಂದ ದೇವಿಂದ್ರಪ್ಪನಿಗೆ ಕೆಲಸ ಕೊಡುತ್ತಿದ್ದವನು. ಬಸವಕಲ್ಯಾಣದಲ್ಲಿ ಗುರುಲಿಂಗ ಸಾವಕಾರರ ಹೊಸ ಮನೆ, ಮುಂಬಾಗಿಲ ಎದುರು ಎರಡು ಕಂಬ, ನಾಲ್ಕೂ ಮೂಲೆಗೆ ಪೈಂತಾಳೀಸ್ ಆಗಬೇಕು ಅಂದ. ಕಂಬ ಚೊಕ್ಕ ಆದರೆ ಮಾಣಿಕನಗರದ ಮೆಟ್ಟಿಲ ಕೆಲಸವೂ ನಿನಗೇ, ಕೆಟ್ಟರೆ ಇನ್ನು ಮೇಲೆ ಮಶೀನು ಕೊಡುವುದಿಲ್ಲ, ಹೊಸ ಹುಡುಗರು ಕಲಿತಿದ್ದಾರೆ ಅಂತ ನಗುತ್ತಲೇ ಹೇಳಿದ. ದೇವಿಂದ್ರಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆಯಿತು ಅಂದ.

ಲೆಕ್ಕ ಹೀಗಿತ್ತು. ಒಂದು ಕಂಬಕ್ಕೆ ನಾಲ್ಕು ಮುಖ, ಮುಖಕ್ಕೆ ನಾಲ್ಕು ಟೈಲ್ಸ್, ಹದಿನಾರು. ಎರಡು ಕಂಬಕ್ಕೆ ಮೂವತ್ತೆರಡು. ಪ್ರತಿಯೊಂದನ್ನೂ ಹದಿನಾಲ್ಕು ಇಂಚು ಅಗಲಕ್ಕೆ ಕೊಯ್ದು, ಎಡಕ್ಕೊಂದು ಬಲಕ್ಕೊಂದು ಓರೆ ಅಂಚು ತೆಗೆಯಬೇಕು. ಅರವತ್ತನಾಲ್ಕು ಅಂಚು. ಸಾವಕಾರರು ತರಿಸಿದ್ದು ಮೂವತ್ತಾರು ಟೈಲ್ಸ್. ಅದೇ ಬಣ್ಣ ಮತ್ತೆ ಸಿಗುವಂತಿರಲಿಲ್ಲ. ಅಂಗಡಿಯಲ್ಲಿ ಆ ಲಾಟು ಮುಗಿದಿತ್ತು, ಹೊಸ ಲಾಟು ಒಂದು ಛಾಯೆ ಕಪ್ಪಗಿತ್ತು.

ಕಲ್ಯಾಣಕ್ಕೆ ಬಸ್ಸಿನಲ್ಲಿ ಒಂದು ತಾಸು. ದಿನಾ ಮುಂಜಾನೆ ಹೋಗಿ ಸಂಜೆ ಬರುವುದು. ಕರೆಂಟು ಮಧ್ಯಾಹ್ನ ಒಂದರಿಂದ ಐದರವರೆಗೆ ಮಾತ್ರ. ಧೂಳು ಮನೆಯೊಳಗೆ ಹೋಗದಿರಲಿ ಅಂತ ಸಾವಕಾರರ ಹೆಂಡತಿ ಜಯಮಾಲಾಬಾಯಿ ಹಿತ್ತಲಲ್ಲಿ ನೀರು ತುಂಬಿಡುವ ಹೌದಿನ ಪಕ್ಕ ಕೊಯ್ಯಲು ಹೇಳಿದರು. ಬಿದಿರು ನೆಟ್ಟು ಗೋಣಿತಟ್ಟಿನ ಪರದೆ ಕಟ್ಟಿಸಿದರು.

ಮೊದಲ ದಿನ ದೇವಿಂದ್ರಪ್ಪ ಮಶೀನು ಹಿಡಿದ. ಒಂದು ಟೈಲ್ಸಿನ ಅಂಚು ನಡುವೆ ಚಕ್ಕೆ ಹಾರಿತು. ಎರಡನೆಯದು ಮೂಲೆಯಲ್ಲಿ ಮುರಿಯಿತು. ಮೂರನೆಯದಕ್ಕೆ ಅವನು ಕೈ ಅಲುಗದಿರಲಿ ಅಂತ ಫರಸಿಗೆ ಒತ್ತುವಂತೆ ಮೈಭಾರ ಹಾಕಿ ಒತ್ತಿದ. ಫರಸಿ ಒತ್ತಿದರೆ ದಾರಿ ಬಿಡುತ್ತದೆ, ಟೈಲ್ಸ್ ಬಿಡುವುದಿಲ್ಲ. ಅದು ಉದ್ದಕ್ಕೂ ಹಲ್ಲು ಹಲ್ಲಾಗಿ ಕಿತ್ತುಬಂತು. ಅವನು ಮಶೀನು ಆರಿಸಿ ಕೆಳಗಿಟ್ಟು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತ. ಮೂವತ್ತಮೂರು ಉಳಿದಿದ್ದವು. ಒಂದೇ ಒಂದು ಹೆಚ್ಚು.

ದ್ರೌಪತಿ ನೀರಿನ ಚರಿಗೆ ಕೆಳಗಿಟ್ಟಳು. ಹೆಣ್ಣಾಳು ಬುಟ್ಟಿ ಹೊರಬಹುದು, ಸಿಮೆಂಟು ಕಲಸಬಹುದು, ನೀರು ಹಾಕಬಹುದು. ಸಿಮೆಂಟು ಬಳಿಯುವ ಥಾಪಿಯೂ ಮಶೀನೂ ಗಂಡಸಿನ ಕೈಯವು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಹುಮನಾಬಾದಿನಲ್ಲಾಗಲಿ ಕಲ್ಯಾಣದಲ್ಲಾಗಲಿ ಮಶೀನು ಹಿಡಿದ ಹೆಂಗಸನ್ನು ಅವಳು ಕಂಡಿರಲಿಲ್ಲ.

"ನೀವು ನೀರ ಹಾಕ್ರಿ," ಅಂದಳು. "ನಾ ಹಿಡೀತೀನಿ."

ಅವನು ಪರದೆಯ ಕಡೆ ನೋಡಿದ. "ಯಾರರೆ ನೋಡಿದ್ರ?"

"ನೋಡಿದ್ರ ಆವಾಗ ನೋಡೋಣು. ಹೆಂಗ ಹಿಡೀಬೇಕು ಹೇಳ್ರಿ."

ಅವನು ಹೇಳಿಕೊಟ್ಟ. ಕಲಿಸುವುದರಲ್ಲಿ ಅವನ ಮಾತು ನಡುಗುತ್ತಿರಲಿಲ್ಲ. ಟೈಲ್ಸನ್ನು ಹಸಿ ಗೋಣಿಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸು. ಹಿಂಬದಿಗೆ ಅಂಚಿನಿಂದ ಅದರ ದಪ್ಪದಷ್ಟೇ ದೂರ, ಒಂದು ನೂಲು ಹೆಚ್ಚು, ಗೆರೆ ಎಳೆ. ಆ ಒಂದು ನೂಲು ಸಿಮೆಂಟಿಗೆ ಜಾಗ, ಇಲ್ಲದಿದ್ದರೆ ಹಿಂದೆ ತಾಗಿ ಮುಂದೆ ಬಾಯಿ ಬಿಡುತ್ತದೆ. ಹೊಳಪಿನ ಅಂಚಿನವರೆಗೂ ಹೋಗಬೇಡ, ಪೋಸ್ಟ್ ಕಾರ್ಡಿನಷ್ಟು ದಪ್ಪ ಬಿಡು, ಉಳಿದದ್ದನ್ನು ಕಲ್ಲಿನಿಂದ ಉಜ್ಜಿ ತೆಗೆಯೋಣ. ಒಮ್ಮೆ ಹಚ್ಚಿದ ಮೇಲೆ ಕೊನೆ ಮುಟ್ಟುವ ತನಕ ಬ್ಲೇಡು ಎತ್ತಬೇಡ. ಎತ್ತಿದಲ್ಲಿ ಕಚ್ಚು ಬೀಳುತ್ತದೆ, ಕಚ್ಚು ಬಿದ್ದಲ್ಲಿ ಒಡೆಯುತ್ತದೆ.

"ಒತ್ತಬ್ಯಾಡ. ಅದು ತಾನ ಹೋಗ್ತದ, ನೀ ಅದರ ಸಂಗಾಟ ಹೋಗು," ಅಂದ.

ದೇವಿಂದ್ರಪ್ಪ ಮೊದಲೇ ಹಳಿಯ ಕಟರಿನಿಂದ ಎಲ್ಲ ಟೈಲ್ಸಿನ ಅಗಲ ಕಡಿಮೆ ಮಾಡಿದಾಗ ಉಳಿದ ಹತ್ತು ಇಂಚಿನ ಪಟ್ಟಿಗಳು ರಾಶಿ ಬಿದ್ದಿದ್ದವು, ಅವು ಯಾವುದಕ್ಕೂ ಬಾರದವು. ಅವುಗಳ ಮೇಲೆ ಅವಳು ಎರಡು ದಿನ ಕೈ ಪಳಗಿಸಿದಳು. ಹನ್ನೊಂದು ಒಡೆದಳು. ಹನ್ನೆರಡನೆಯದು ಉಳಿಯಿತು, ಹದಿಮೂರನೆಯದು ಒಡೆಯಿತು, ಆಮೇಲೆ ಏಳು ಸಾಲಾಗಿ ಉಳಿದವು. ಮೂರನೇ ದಿನ ಒಳ್ಳೆಯ ಟೈಲ್ಸಿಗೆ ಕೈ ಹಾಕಿದಳು. ಒಂದು ಅಂಚಿಗೆ ನಾಲ್ಕೈದು ನಿಮಿಷ. ಹಿಡಿದ ಉಸಿರನ್ನು ಕೊನೆ ಮುಟ್ಟಿದ ಮೇಲೆಯೇ ಬಿಡುತ್ತಿದ್ದಳು.

ಐದು ದಿನದಲ್ಲಿ ಮೊದಲ ಕಂಬದ ಮೂವತ್ತೆರಡು ಅಂಚು ಮುಗಿದವು, ಒಂದೂ ಒಡೆಯಲಿಲ್ಲ. ಮುಂಜಾನೆ ಕರೆಂಟು ಇಲ್ಲದ ಹೊತ್ತಿನಲ್ಲಿ ಇಬ್ಬರೂ ಸೇರಿ ಕಂಬಕ್ಕೆ ಕೂಡಿಸಿದರು. ಅವಳು ಹಿಡಿದು ನಿಲ್ಲಿಸಿದಳು, ಅವನು ಮೈ ಕೊಟ್ಟು ಒತ್ತಿದ. ಒತ್ತುವ ಕೆಲಸದಲ್ಲಿ ನಡುಕ ತಿಳಿಯುತ್ತಿರಲಿಲ್ಲ. ಜಯಮಾಲಾಬಾಯಿ ಬಂದು ಮೂಲೆಯ ಮೇಲೆ ಉಗುರು ಎಳೆದು ನೋಡಿದರು. ಉಗುರು ಎಲ್ಲೂ ತೊಡಕಲಿಲ್ಲ.

"ದೇವಿಂದ್ರಪ್ಪ, ನಿನ್ನ ಕೈಯಾಗ ಏನೋ ಅದಪಾ," ಅಂದರು.

ಅವನು ಕೈ ಬೆನ್ನ ಹಿಂದೆ ಇಟ್ಟುಕೊಂಡು ತಲೆ ಬಗ್ಗಿಸಿ ನಿಂತ. ಇವರಿಗೆಂದೇ ಹೌದಿನ ಕಟ್ಟೆಯ ಮೇಲೆ ಬೇರೆ ಇಟ್ಟಿದ್ದ ಎರಡು ಸ್ಟೀಲ್ ಲೋಟಗಳಲ್ಲಿ ಅಂದು ಜಯಮಾಲಾಬಾಯಿಯೇ ಚಹಾ ಹೊಯ್ಸಿದರು. ದೇವಿಂದ್ರಪ್ಪ ಹೊಟ್ಟೆ ಸರಿಯಿಲ್ಲ ಅಂದು ಕುಡಿಯಲಿಲ್ಲ.

ಎರಡನೇ ಕಂಬದ ಐದು ಟೈಲ್ಸ್ ಮುಗಿದವು. ಆರನೆಯದರ ಎರಡನೇ ಅಂಚಿಗೆ ದ್ರೌಪತಿ ನಡುವಿನ ತನಕ ಬಂದಿದ್ದಳು. ನೀರಿನ ಧಾರೆ ಎರಡು ಬೆರಳು ಆಚೆ ಬೀಳುತ್ತಿತ್ತು. ಗಂಡನ ಕೈ ಅದನ್ನು ತಿರುಗಿ ತರಲು ಹೆಣಗುತ್ತಿತ್ತು, ತಂದದ್ದು ಈಚೆ ದಾಟಿ ಹೋಗುತ್ತಿತ್ತು. ಬ್ಲೇಡಿನಿಂದ ಬಿಳಿ ಹೊಗೆ ಎದ್ದಿತು. ಅವಳು ಎತ್ತುವಂತಿರಲಿಲ್ಲ. ಕೊನೆಗೆ ಇನ್ನು ನಾಲ್ಕು ಇಂಚು ಇರುವಾಗ ಟಕ್ ಅಂತ ಸಪ್ಪಳವಾಗಿ, ಹೊಳಪಿನ ಅಂಚಿನಿಂದ ಹುಣಸೆ ಬೀಜದಷ್ಟು ಚಕ್ಕೆ ಹಾರಿಹೋಯಿತು.

ಹೆಚ್ಚಿಗಿದ್ದ ಒಂದು ಟೈಲ್ಸ್ ಹೋಯಿತು. ಉಳಿದವು ಹನ್ನೊಂದು, ಬೇಕಾದವೂ ಹನ್ನೊಂದು. ಇಪ್ಪತ್ತೆರಡು ಅಂಚು. ಇನ್ನೊಂದು ಚಕ್ಕೆ ಹಾರಿದರೆ ಕಂಬದಲ್ಲಿ ಒಂದು ತೇಪೆ ಜಗತ್ತಿಗೆಲ್ಲ ಕಾಣುತ್ತದೆ.

ಸಂಜೆ ಮಶೀನು ಕಟ್ಟಿಟ್ಟು ಹೊರಟರು. ಬಸ್ಸಿನಲ್ಲಿ ದ್ರೌಪತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹನ್ನೊಂದು ಟೈಲ್ಸ್, ಅಲುಗುವ ನೀರು. ನೀರಿಗೆ ಬೇರೆ ಹೆಣ್ಣಾಳನ್ನು ಕರೆದರೆ ಊರಿಗೇ ಸುದ್ದಿಯಾಗುತ್ತದೆ. ನೀರಿಲ್ಲದೆ ಕೊಯ್ದರೆ ಒಡೆಯುತ್ತದೆ. ಎಷ್ಟು ಸಲ ತಿರುಗಿಸಿ ಯೋಚಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಮರುದಿನ ಬಸ್ಸಿಗೆ ಹೋಗುವ ಮೊದಲು ಅವಳು ದವಾಖಾನೆಗೆ ಹೋಗಿ ಕಂಪೌಂಡರನನ್ನು ಕಾಡಿ ಬೇಡಿ ಒಂದು ಖಾಲಿ ಸಲಾಯಿನ್ ಬಾಟಲಿ, ಅದರ ನಳಿಗೆ ತಂದಳು. ಹಿತ್ತಲಲ್ಲಿ ಬಾಟಲಿಗೆ ನೀರು ತುಂಬಿ ಬಿದಿರಿಗೆ ತಲೆಕೆಳಗೆ ನೇತು ಹಾಕಿದಳು. ನಳಿಗೆಯ ತುದಿಯನ್ನು ಮಶೀನಿನ ಮೂತಿಗೆ, ಬ್ಲೇಡಿನ ಪಕ್ಕಕ್ಕೇ, ಸೀರೆಯ ದಡಿಯಿಂದ ಬಿಗಿದು ಕಟ್ಟಿದಳು. ಸಣ್ಣ ಗಾಲಿ ತಿರುವಿದರೆ ನೀರು ಎಷ್ಟು ಬೇಕೋ ಅಷ್ಟು. ಮಶೀನು ಹೋದಲ್ಲಿ ನೀರೂ ಹೋಗುತ್ತದೆ, ಯಾರ ಕೈಯೂ ಬೇಡ.

ದೇವಿಂದ್ರಪ್ಪ ಚರಿಗೆ ಹಿಡಿದುಕೊಂಡೇ ನಿಂತು ನೋಡಿದ. "ಸಲಾಯಿನ್ ಹಚ್ಚಿದ್ದು ಮಶೀನಿಗೋ, ನನಗೋ?" ಅಂದ. ಅವಳಿಗೆ ನಗಬೇಕೆಂದು ತಿಳಿಯಿತು, ನಗು ಬರಲಿಲ್ಲ. ಅವನು ಚರಿಗೆಯನ್ನು ಬೋರಲು ಹಾಕಿ ಅದರ ಪಕ್ಕದಲ್ಲಿ ಕೂತ.

ಆ ದಿನ ಆರು ಅಂಚು ಆದವು. ಅವನು ಹೊರಗೆ ಹೋಗುವಂತೆಯೂ ಇರಲಿಲ್ಲ. ಒಳಗೆ ಮಶೀನು ಕೂಗುತ್ತಿರುವಾಗ ಗೌಂಡಿ ಹೊರಗೆ ಅಡ್ಡಾಡಿದರೆ ಕೊಯ್ಯುವವರು ಯಾರು? ಹಾಗಾಗಿ ಕೈಗಳನ್ನು ಮೊಣಕಾಲ ಸಂದಿಯಲ್ಲಿ ಸಿಗಿಸಿಕೊಂಡು, ಬಿಳಿ ಧೂಳು ಮುಖದ ಮೇಲೆ ಕೂರಿಸಿಕೊಳ್ಳುತ್ತ, ತನ್ನ ಹೆಸರಿನ ಕೆಲಸ ನಡೆಯುವುದನ್ನು ನೋಡುತ್ತ ಕೂತಿರಬೇಕು. ಯಾರಾದರೂ ಕರೆದರೆ ಅವಳು ಕೊನೆ ಮುಟ್ಟಿ ಮಶೀನು ಆರಿಸುವ ತನಕ ಕಾದು, ಮಶೀನು ಕೈಯಲ್ಲಿ ಹಿಡಿದು ಪರದೆ ಸರಿಸಿ ಹೋಗುತ್ತಿದ್ದ. ಅವನ ಮುಖ ನೋಡಲು ದ್ರೌಪತಿಗೆ ಧೈರ್ಯ ಸಾಲುತ್ತಿರಲಿಲ್ಲ. ಗೆರೆ ನೋಡುವುದೇ ಸಲೀಸಾಗಿತ್ತು.

ಮರುದಿನ, ನಾಲ್ಕು ಗಂಟೆ ಆಗುತ್ತ ಬಂದಿತ್ತು. ಆ ದಿನದ ಆರನೇ ಅಂಚು, ಬ್ಲೇಡು ಆಗಷ್ಟೇ ಒಳಗೆ ಹೋಗಿತ್ತು. ಹೊರಗಿನಿಂದ ಜಯಮಾಲಾಬಾಯಿಯ ಕೂಗು ಕೇಳಿತು, ಬದ್ರುದ್ದೀನ್ ಮಿಸ್ತ್ರಿ ಬಂದಿದ್ದಾರೆ, ದೇವಿಂದ್ರಪ್ಪ ಬಾ. ದ್ರೌಪತಿಗೂ ಕೇಳಿತು. ಎರಡಡಿಯಲ್ಲಿ ಇನ್ನೂ ನಾಲ್ಕು ಬೆರಳು ಮಾತ್ರ ಆಗಿತ್ತು. ಗಂಡ ಕಾಯುತ್ತಾನೆ ಅಂದುಕೊಂಡಳು.

ಅವನು ಎದ್ದ. ಲುಂಗಿಯ ಧೂಳು ಝಾಡಿಸಿದ. ಗೋಣಿತಟ್ಟು ಎತ್ತಿದ.

ಅವಳಿಗೆ ಕೂಗಬೇಕಿತ್ತು. ಕೂಗಿದರೆ ಹೊರಗೆ ನಿಂತವರಿಗೂ ಕೇಳುತ್ತದೆ. ಮಶೀನು ಎತ್ತಿ, ಓಡಿ, ತೋಳು ಹಿಡಿದು ಎಳೆಯಬಹುದಿತ್ತು. ಎತ್ತಿದರೆ ಕಚ್ಚು ಬೀಳುತ್ತದೆ, ಈ ಟೈಲ್ಸ್ ಹೋದರೆ ಬೇರೆ ಇಲ್ಲ. ಕಣ್ಣಂಚಿನಲ್ಲಿ ಗಂಡನ ಬೆನ್ನು ಬಿಸಿಲಿಗೆ ಹೋಯಿತು, ತಟ್ಟು ಕೆಳಗೆ ಬಿತ್ತು. ಅವಳು ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಗೇಣು, ಇನ್ನೊಂದು ಗೇಣು. ಹೊರಗೆ ಈಗ ಏನು ಮಾತು ನಡೆದಿದೆ, ಯಾರು ಯಾರ ಮುಖ ನೋಡುತ್ತಿದ್ದಾರೆ ಅನ್ನುವುದೆಲ್ಲ ತಲೆಯೊಳಗೆ ಬರುತ್ತಿತ್ತು, ಕೈಗೆ ಇಳಿಯಗೊಡಲಿಲ್ಲ. ಕಣ್ಣಿನಿಂದ ಇಳಿದ ನೀರು ರಾಡಿಯೊಳಗೆ ಸೇರಿತು. ಮೂರು ಇಂಚು, ಎರಡು, ಒಂದು. ಬ್ಲೇಡು ಆಚೆ ಬಂತು. ಅಂಚು ಒಡೆದಿರಲಿಲ್ಲ.

ಮಶೀನು ಆರಿಸಿ ತಲೆ ಎತ್ತಿದರೆ ಬದ್ರುದ್ದೀನ್ ಪರದೆಯೊಳಗೆ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಏನೋ. ಕೊಯ್ಯುವವರನ್ನು ನಡುವೆ ಮಾತಾಡಿಸಬಾರದೆಂದು ಅವನಿಗೂ ಗೊತ್ತಿತ್ತು. ಅವನು ಕುಕ್ಕರಿಸಿ, ಹೊಸ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಬಾಟಲಿ ನೋಡಿದ, ನಳಿಗೆ ನೋಡಿದ.

"ಈ ಕಂಬಾ ಪೂರಾ ನೀನೇ ಕೊಯ್ದಿಯೇನು ಬಾಯಿ?"

"ಎರಡೂ ರೀ."

"ಅಂವ ಕುಡ್ಯಾಕತ್ತಾನೇನು?"

"ಇಲ್ರಿ. ನರದ ದೋಷ ಅಂತ. ಒಂದು ಹನಿ ಮುಟ್ಟಿದವರಲ್ಲ."

ಬದ್ರುದ್ದೀನ್ ಹೆಬ್ಬೆರಳಿನ ರಾಡಿಯನ್ನು ಗೋಣಿಗೆ ಒರೆಸಿದ. ಅವನು ಕೆಟ್ಟವನಲ್ಲ. ಆಮೇಲೆ ಸಾವಕಾಶವಾಗಿ ಹೇಳಿದ. ದೇವಿಂದ್ರಪ್ಪನಿಗೆ ಇನ್ನು ಮಶೀನಿನ ಕೆಲಸ ಕೊಡಲು ಆಗುವುದಿಲ್ಲ, ಅವನೇ ಬಂದು ಎದುರು ನಿಂತು ಕೈ ಚಾಚಿ ತೋರಿಸಿದ ಮೇಲೆ ಹೇಗೆ ಕೊಡುವುದು. ಆದರೆ ಮಾಣಿಕನಗರದ ಮೆಟ್ಟಿಲು ಇದ್ದೇ ಇವೆ, ಇಂಥ ಅಂಚು ತೆಗೆಯುವವರು ತನ್ನಲ್ಲಿ ಬೇರೆ ಇಲ್ಲ.

"ನೀ ಬಾ. ಪರದಾ ಹಿಂಗೇ ಇರ್ಲಿ. ಮಾಲಕಗ ನಾ ಏನರೆ ಹೇಳ್ತೀನಿ."

"ಅವ್ರು ರೀ?"

"ಅಂವ ಬಂದು ಏನು ಮಾಡ್ತಾನ ಬಾಯಿ?"

ದ್ರೌಪತಿ ನಳಿಗೆಯ ಗಾಲಿ ತಿರುವಿ ನೀರು ನಿಲ್ಲಿಸಿದಳು. ಕೊಯ್ಯುತ್ತಾರೆ ಅನ್ನುವಂತಿರಲಿಲ್ಲ. ಗೆರೆ ಎಳೆಯುತ್ತಾರೆ ಅನ್ನುವಂತಿರಲಿಲ್ಲ. ನೀರು ಹಾಕುತ್ತಾರೆ ಅನ್ನೋಣವೆಂದರೆ ಬಾಟಲಿ ಕಣ್ಣ ಮುಂದೆಯೇ ತೂಗುತ್ತಿತ್ತು, ಕಟ್ಟಿದವಳು ತಾನೇ. ಗಂಡನನ್ನು ಕೆಲಸದಲ್ಲಿ ಉಳಿಸಬೇಕೆಂದು ಒಂದೊಂದೇ ಕೆಲಸವನ್ನು ಅವನ ಕೈಯಿಂದ ತೆಗೆದುಕೊಂಡಿದ್ದಳು, ಈಗ ಹೇಳಲು ಒಂದೂ ಉಳಿದಿರಲಿಲ್ಲ.

"ಹತ್ತು ಅಂಚು ಉಳದಾವ್ರಿ," ಅಂದಳು ಕೊನೆಗೆ. "ಐದಕ್ಕ ಲೈಟ್ ಹೋಗ್ತದ."

ಬದ್ರುದ್ದೀನ್ ಎದ್ದು ಹೋದ. ಅವಳು ಮತ್ತೆ ಟೈಲ್ಸ್ ಮಲಗಿಸಿದಳು. ಕರೆಂಟು ಹೋಗುವಷ್ಟರಲ್ಲಿ ನಾಲ್ಕು ಅಂಚು ಆದವು.

ಗೇಟಿನ ಹೊರಗೆ ಉಸುಕಿನ ರಾಶಿಯ ಮೇಲೆ ದೇವಿಂದ್ರಪ್ಪ ಕೂತಿದ್ದ. ಕೈ ಬೆನ್ನ ಹಿಂದೆ ಇರಲಿಲ್ಲ, ತೊಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿದ್ದವು. ಅವಳನ್ನು ಕಂಡು ಎದ್ದ. ಇಬ್ಬರೂ ಬಸ್ ಸ್ಟ್ಯಾಂಡಿನ ಅರ್ಧ ದಾರಿ ನಡೆದರು. ಆಮೇಲೆ ಕೇಳಿದ.

"ನಾ ಎದ್ದು ಹೋದಾಗ ಮಶೀನ್ ಎತ್ತಲಿಲ್ಲಲ್ಲ?"

"ಇಲ್ಲ."

"ಛಲೋ ಮಾಡಿದಿ. ಎತ್ತಿದ್ರ ಹೋಗ್ತಿತ್ತು."

ಅದೊಂದು ಮಾತನ್ನು ಅವನು ಬೈದು ಆಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಅವನು ಹಾಸಿಗೆಯಿಂದ ಏಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ್ದ. ಎಬ್ಬಿಸಲೋ ಬೇಡವೋ ಅಂತ ದ್ರೌಪತಿ ಹೊಸ್ತಿಲಲ್ಲಿ ಎರಡು ಸಲ ತಿರುಗಿ ನಿಂತಳು. ರೊಟ್ಟಿ, ಪುಂಡಿಪಲ್ಲೆ ಮುಚ್ಚಿಟ್ಟು, ಮಶೀನಿನ ಚೀಲ ತಾನೇ ಎತ್ತಿಕೊಂಡು ಒಬ್ಬಳೇ ಕಲ್ಯಾಣದ ಬಸ್ಸು ಹತ್ತಿದಳು. ಕಂಬಕ್ಕೆ ಕೂಡಿಸಲು ಬದ್ರುದ್ದೀನ್ ಬೇರೆ ಗೌಂಡಿಯನ್ನು ಕಳಿಸಿದ್ದ. ಒಂದು ಗಂಟೆಗೆ ಕರೆಂಟು ಬಂತು. ಆರು ಅಂಚು ಉಳಿದಿದ್ದವು. ಆರೂ ಒಡೆಯಲಿಲ್ಲ.